ಮೂರು ಗೆರಿ ವಿಭೂತಿ, ಒಂದು ಹಸಿರು ದೀಪ

ಬೇಕಂತ ತಡ ಮಾಡಿದೆ ಅಂತ ತಿಳ್ಕೊಂಡೀರೇನ್ರಿ? ಒಂದು ಪಿಎಚ್‌ಡಿ ಮುಗಿಸಾಕ ಕೂದಲು ಬೆಳ್ಳಗಾಗೋತನ ಯಾಕ ಬೇಕಾತು ಅಂತ ಚಾ ಅಂಗಡ್ಯಾಗ ಎಲ್ಲಾರೂ ಕೇಳ್ತಾರ. ನಂದು ತಪ್ಪು ತಿದ್ದೋ ಕೆಲಸ. ಆ ಕೆಲಸಕ್ಕ ಕುಂತಾವಗ ಇಂಥವು ಆಗ್ತಾನ ಇರ್ತಾವು.

ನಾನು ಬಳ್ಳಾರ್ಯಾಗ ಒಂದು ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಕಂಪ್ಯೂಟರಿನ ಮೆಮೊರಿಯೊಳಗ ಬರೇ ಸೊನ್ನಿ ಮತ್ತ ಒಂದು, ಎರಡ ಇರ್ತಾವು. ಒಂದೊಂದ್ಸಲ ಸೊನ್ನಿ ಇದ್ದದ್ದು ತಾನಾಗೇ ಒಂದಾಗಿ ಕುಂತಿರ್ತೈತಿ. ಅದನ್ನ ಹುಡುಕಿ ತಿದ್ದೋ ಸರ್ಕ್ಯೂಟು ಮಾಡಬೇಕು, ಅದೂ ಸಣ್ಣದಿರಬೇಕು, ಕರೆಂಟು ಕಮ್ಮಿ ತಿನ್ನಬೇಕು. ನಮ್ಮ ಗೈಡು ನೋಡಿದಾಗೊಮ್ಮೆ "ಇನ್ನೂ ಸಣ್ಣದು ಮಾಡ್ರಿ" ಅಂತಿದ್ರು. ಈ ವರ್ಷ ಪಾಸಾಗಲಿಲ್ಲಂದ್ರ ನಿಮ್ಮ ಹೆಸರ ತೆಗಿತೀವಿ ಅಂತ ಯೂನಿವರ್ಸಿಟಿಯವ್ರು ಹೇಳಿಬಿಟ್ಟಿದ್ರು. ಅಂದ್ರ ಅಷ್ಟು ವರ್ಷದ ದುಡಿಮಿ ಮಣ್ಣುಪಾಲು.

ಸಿರುಗುಪ್ಪದ ಗಿರಾಕಿ

ಹೆಂಡ್ತಿ ತವರುಮನಿ ಸಿರುಗುಪ್ಪ. ಅವಳ ತಮ್ಮಂದು ಅಲ್ಲಿ ರೈಸ್ ಮಿಲ್ಲು ಐತಿ. ಒಂದಿನ ಊಟ ಆದಮ್ಯಾಲ ಅವ ಅಡ್ಡಾಗಿದ್ದ. ನಾ ಮಾಡೋ ಕೆಲಸ ಅವಗೂ ತಿಳೀಲಿ ಅಂತ ಅವನ ಲೆಕ್ಕದಾಗ ಹೇಳಿದೆ.

"ನೋಡಪಾ, ಬಿಳೇ ಅಕ್ಕಿಯೊಳಗ ಒಂದು ಕರೇಕಾಳು ಬಂತು ಅಂತ ತಿಳ್ಕ. ಅದನ್ನ ಹುಡುಕೋ ಕೆಲಸ."

"ಅದಕ್ಕ ಮಿಲ್‌ನ್ಯಾಗ ಸಾರ್ಟೆಕ್ಸ್ ಮಶಿನ್ ಐತಲ್ಲ ಮಾವ. ಕರೇಕಾಳು ಕಂಡ್ರ ಗಾಳಿಲೆ ಊದಿ ಹೊರಗ ಒಗಿತೈತಿ. ನೀ ಇನ್ನೂ ಅದನ್ನ ಓದಾಕ ಹತ್ತೀಯೇನು?"

"ಒಗಿಯಂಗಿಲ್ಲಪಾ. ಮೆಮೊರಿಯೊಳಗ ಜಾಗ ಖಾಲಿ ಬಿಡಾಕ ಬರಂಗಿಲ್ಲ. ಅದನ್ನ ಅಲ್ಲೇ ಇಟ್ಟು, ಕರೇದನ್ನ ಬಿಳೇದು ಮಾಡಬೇಕು."

ಅಡ್ಡಾದವ ಎದ್ದು ಕುಂತ. ಹೋಗಿ ಬಾಗ್ಲಾ ಹಾಕ್ಕೊಂಡು ಬಂದು, ಸಣ್ಣ ದನಿಲೆ ಹೇಳಿದ. "ಮಾವ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಯಾಕಿದ್ದಿ? ತೆಕ್ಕಲಕೋಟಿ ಮಿಲ್‌ನವ್ರಿಗೆ ಮಾತ್ರ ಹೇಳಬ್ಯಾಡ. ಮೊದಲ್ನೇ ಮಶಿನ್ನು ನಮಗ."

ಕುರುಗೋಡಿನ ಜೋಡಿ

ಸರ್ಕ್ಯೂಟು ಸಣ್ಣದು ಮಾಡಾಕ ಒಂದು ಹಳೇ ಉಪಾಯ ಐತಿ. ಮೆಮೊರಿಯೊಳಗ ಜೋಡಿಲೆ ಇಟ್ಟ ಒಂದುಗಳನ್ನ ಪೂರ್ತಿ ಎಣಿಸಬಾರ್ದು, ಎಲ್ಲಾ ಜೋಡಿ ಅದಾವೋ ಒಂದು ಒಂಟಿ ಉಳದೈತೋ ಅಷ್ಟ ನೋಡಬೇಕು. ಒಂಟಿ ಉಳದ್ರ ಎಲ್ಲೋ ತಪ್ಪಾಗೇತಿ ಅಂತ ಅರ್ಥ.

ಕುರುಗೋಡಿನ್ಯಾಗ ಸಂಬಂಧಿಕರ ಮನ್ಯಾಗ ಬಸುರಿ ಹೆಣ್ಮಗಳಿಗೆ ಕುಬಸ ಇತ್ತು. ಊಟ ಮುಗಿಸಿ ಬಸ್‌ಸ್ಟ್ಯಾಂಡ್ ಹತ್ರ ಬಾಡಿಗಿ ಕ್ರೂಸರ್ ಗಾಡಿ ಹತ್ತುವಾಗ ಮಂದಿ ಎಣಿಸೋ ಜವಾಬ್ದಾರಿ ನನಗ ಬಂತು. ಬರುವಾಗ ಜೋಡಿ ಲೆಕ್ಕಕ್ಕ ಸರಿಯಾಗಿದ್ವಿ, ಒಂದೊಂದ ತಲಿ ಎಣಿಸಾಕ ಯಾರು ಕುಂದ್ರತಾರ? "ಎಲ್ಲಾರು ಬಾಜೂಕಿನವ್ರ ಕೈ ಹಿಡೀರಿ" ಅಂದೆ. ಹಿಡದ್ರು. ಒಂಟಿ ಯಾರೂ ಉಳೀಲಿಲ್ಲ. "ಲೆಕ್ಕ ಪಕ್ಕಾ, ನಡೀರಿ" ಅಂದೆ.

ಬಾದನಹಟ್ಟಿ ಬಂದಾಗ ಹಿಂದಿನ ಸೀಟಿನ ಅಜ್ಜಿ, "ಇಲ್ಲೇ ನಿಲ್ಲಸಪಾ, ನಮ್ಮೂರು ಬಂತು" ಅಂದ್ಲು. ಆಕಿ ಯಾರ ಕಡೆಯಾಕಿ ಅಂತ ಗಾಡ್ಯಾಗ ಯಾರಿಗೂ ಗೊತ್ತಿಲ್ಲ.

"ನೀವು ಯಾರ್ರಿ ಯಮ್ಮಾ?"

"ನಾ ಬಸ್ಸಿಗೆ ನಿಂತಿದ್ದೆ. ನೀನ ಬಂದು ಹತ್ತರಿ ಹತ್ತರಿ ಅಂದಿ, ಹತ್ತಿದೆ. ಕೈ ಹಿಡೀರಿ ಅಂದಿ, ಹಿಡದೆ."

ಆವಾಗ ತಲಿ ಎಣಿಸಿದ್ವಿ. ಬರುವಾಗ ಎಷ್ಟಿದ್ವೋ ಅಷ್ಟ ಇದ್ವಿ. ಬರೇ ನನ್ನ ಹೆಂಡ್ತಿ ಇದ್ದಿಲ್ಲ. ಡಬ್ಬಿ ಮರತೆ ಅಂತ ಆಕಿ ವಾಪಸ್ ಹೋಗಿದ್ಲಂತ.

ಒಂದು ಹೋಗಿ ಒಂದು ಬಂದ್ರ, ಎರಡು ತಪ್ಪು ಕೂಡಿ ಸರಿ ಕಾಣ್ತಾವು. ಮರುದಿನಾನ ಸರ್ಕ್ಯೂಟಿಗೆ ಇನ್ನೊಂದೀಟು ಬುದ್ಧಿ ಹಾಕಿದೆ. ಒಂದು ತಪ್ಪಾದ್ರ ತಿದ್ದಿ ಹಸಿರು ದೀಪ ಹಚ್ಚತೈತಿ. ಎರಡಾದ್ರ ತಿದ್ದಾಕ ಬರಂಗಿಲ್ಲ, ಕೆಂಪು ದೀಪ ಹಚ್ಚಿ ಸುಮ್ಮನಾಗತೈತಿ. ಮೂರು ತಪ್ಪಾದ್ರ ಮಾತ್ರ ಪಾಪ, ಅದಕ್ಕೂ ಗಲಿಬಿಲಿ. ಒಂದ ತಪ್ಪು ಅಂತ ತಿಳ್ಕೊಂಡು, ಏನರ ತಿದ್ದಿ ಹಸಿರು ದೀಪ ಹಚ್ಚಿಬಿಡ್ತೈತಿ. ಇರ್ಲಿ, ಒಮ್ಮೆಗೆ ಮೂರು ತಪ್ಪು ಎಲ್ಲಿ ಆಗ್ತಾವು ಅಂತ ಬಿಟ್ಟೆ.

ಬಳ್ಳಾರಿಯ ಪೂಜಿ

ಕಾಲೇಜಿನ್ಯಾಗ ಆಯುಧಪೂಜಿ ಮಾಡಿದ ದಿನಾನ ನಂದು ಕಡೇ ಪರೀಕ್ಷೆ. ಹೊರಗಿನಿಂದ ಒಬ್ರು ಪರೀಕ್ಷಕರು ಬಂದ್ರು. ಗೈಡು ಮುಖ ಒರಸ್ಕೊಂತ ಕುಂತಿದ್ರು. ನಾ ಬೋರ್ಡಿನ ಮ್ಯಾಲಿಂದ ಚೆಂಡುಹೂವು ಸರಿಸಿ ಸ್ವಿಚ್ ಹಾಕಿದೆ.

"ಯಾವುದರ ಒಂದು ಸಂಖ್ಯೆ ಹೇಳ್ರಿ ಸರ, ಮೆಮೊರಿಯೊಳಗ ಇಡ್ತೀನಿ."

"ನನ್ನ ವಯಸ್ಸು ಇಡ್ರಿ. ಐವತ್ತೆಂಟು."

ಇಟ್ಟೆ. ವಾಪಸ್ ತಗದೆ. ನೂರಾ ಇಪ್ಪತ್ತೆರಡು ಅಂತ ಬಂತು. ಬಾಜೂಕ ಹಸಿರು ದೀಪ ಉರೀತು.

"ಈ ಹಸಿರು ದೀಪ ಏನ್ರಿ?"

"ತಪ್ಪಿತ್ತು, ತಿದ್ದೇನಿ ಅಂತ ಸರ."

"ಅಂದ್ರ ನಾ ಹೇಳಿದ್ದ ತಪ್ಪೇನು?"

ನಾ ಬಗ್ಗಿ ನೋಡಿದ್ರ, ಮೆಮೊರಿ ಚಿಪ್ಪಿನ ಕಾಲಿನ ಮ್ಯಾಲ ಮೂರು ಗೆರಿ ಹಸೇ ವಿಭೂತಿ. ನಮ್ಮ ಲ್ಯಾಬಿನ ಅಟೆಂಡರು ಸಂಗನಕಲ್ಲಿನವ್ರು, ಭಾಳ ಭಕ್ತರು. ಬೋರ್‌ವೆಲ್ಲಿನ ಉಪ್ಪುನೀರಾಗ ಕಲಸಿ ಬಳದಿದ್ರು. ಉಪ್ಪುನೀರಾಗ ಕರೆಂಟು ಹರೀತೈತಿ. ಗೆರಿಗೊಂದು ತಪ್ಪು, ಒಟ್ಟು ಮೂರು.

"ಇದನ್ನ ಯಾಕ ಹಚ್ಚಿದ್ರಿ?" ಅಂತ ಬಾಜೂಕ ನಿಂತಿದ್ದ ಅಟೆಂಡರಿಗೆ ಕೇಳಿದೆ.

"ಇವತ್ತ ನಿಮ್ಮದು ದೊಡ್ಡ ಕೆಲಸ ಐತಲ್ಲ ಸರ. ಬ್ಯಾರೇ ಮಶಿನ್ನಿಗೆಲ್ಲ ಬರೇ ಬೊಟ್ಟು ಇಟ್ಟೀನಿ. ನಿಮ್ಮದಕ್ಕ ಅಷ್ಟ ಮೂರು ಗೆರಿ."

"ಒರಸ್ರಿ ಅದನ್ನ."

"ಪೂಜಿ ಮಾಡಿದ್ದನ್ನ ಪೂರ್ತಿ ಒರಸಬಾರ್ದು ಸರ. ಬೇಕಂದ್ರ ಒಂದು ಗೆರಿ ತಗೀತೀನಿ."

ಪರೀಕ್ಷಕರು ಕುರ್ಚಿ ಮುಂದಕ್ಕ ಎಳಕೊಂಡ್ರು. "ತಗೀರಿ, ನೋಡೂಣು."

ಅಟೆಂಡರು ಧೋತರದ ಚುಂಗಿನಿಂದ ಒಂದು ಗೆರಿ ಒರಸಿದ್ರು. ಕೆಂಪು ದೀಪ ಹತ್ತಿತು. ಎರಡು ತಪ್ಪು. ಇನ್ನೊಂದು ಒರಸಿದ್ರು. ಹಸಿರು ದೀಪ, ಐವತ್ತೆಂಟು. ಉಳಿದ ಒಂದು ಗೆರಿಯನ್ನ ಸರ್ಕ್ಯೂಟ ತಿದ್ದಿಕೊಂಡಿತ್ತು.

"ಪಾಸು" ಅಂದ್ರು ಪರೀಕ್ಷಕರು. "ಇಷ್ಟು ಚಲೋ ಯಾರೂ ತೋರಿಸಿಲ್ಲ. ಆದ್ರ ಥೀಸಿಸ್‌ನ್ಯಾಗ ವಿಭೂತಿ ಅಂತ ಬರೀಬ್ಯಾಡ್ರಿ. ಬಾಹ್ಯ ಕಾರಣ ಅಂತ ಬರೀರಿ."

ಮನಿಗೆ ಬಂದು ಹೆಂಡ್ತಿಗೆ ಎಲ್ಲಾ ಹೇಳಿದೆ. ಆಕಿ ರೊಟ್ಟಿ ಬಡಿಯೋದು ಬಿಡದಂಗ ಕೇಳಿದ್ಲು.

"ಒಂದು ತಪ್ಪಾದ್ರ ತಿದ್ಕೊಂತೈತಿ. ಎರಡಾದ್ರ ಬಾಯಿ ಮುಚ್ಚಿಕೊಂಡು ಕುಂದ್ರತೈತಿ. ಮೂರಾದ್ರ ನಂದ ಸರಿ ಅಂತ ದೀಪ ಹಚ್ಚತೈತಿ. ಹೌದಲ್ರಿ?"

"ಹೌದು."

"ಆ ಸರ್ಕ್ಯೂಟು ಯಾರು ಮಾಡ್ಯಾರಂತ ಕೇಳೋದ ಬ್ಯಾಡ ಬಿಡ್ರಿ."