ಅಕ್ಕನ ಮಗನ ಗುಂಯ್ ಸಂಗೀತ

ಮನೆಯಲ್ಲಿ ಒಬ್ಬ ಸಂಗೀತಗಾರ ಇದ್ದರೆ ನಗೋದಕ್ಕೆ ಬೇರೆ ಖರ್ಚು ಬೇಕಾಗಿಲ್ಲ. ವಾರಕ್ಕೊಂದಾದರೂ ಪ್ರಸಂಗ ತಾನಾಗಿ ಬಂದು ಬಾಗಿಲು ತಟ್ಟುತ್ತೆ. ನಾನು ಮಾಲೂರಿನ ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಈಗ ಹೇಳೋದಕ್ಕೆ ನನಗೆ ಉಳಿದಿರುವ ಇತಿಹಾಸ ಅಂದರೆ ಅಕ್ಕನ ಮಗನದೇ.

ಅಕ್ಕ ಶ್ರೀನಿವಾಸಪುರದವಳು. ಅವಳ ಒಬ್ಬನೇ ಮಗ ಓದೋದಕ್ಕೆ ಅಂತ ನಮ್ಮ ಮನೆಗೆ ಬಂದ, ಇಲ್ಲೇ ಉಳಿದ. ಆಗ ಅವನು ಮೆಟಲ್ ಅನ್ನೋ ಅಬ್ಬರದ ಸಂಗೀತದ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ; ಅದನ್ನು ಕೇಳೋರು ಜೋರಾಗಿ ತಲೆ ಆಡಿಸಬೇಕಂತೆ. ಕೂದಲು ಸೊಂಟ ಮುಟ್ಟುತ್ತಿತ್ತು, ಕಪ್ಪು ಅಂಗಿ ಬಿಟ್ಟರೆ ಬೇರೆ ಬಟ್ಟೆ ಇಲ್ಲ. ಈಗ ನಲವತ್ತು ದಾಟಿದೆ, ಕೂದಲು ಪೂರ್ತಿ ನಿವೃತ್ತಿ ತಗೊಂಡಿದೆ, ಗಿಟಾರ್ ಅಟ್ಟ ಸೇರಿದೆ. ಬೆಂಗಳೂರಿಗೆ ರೈಲಲ್ಲಿ ಹೋಗಿ ಬಂದು ಕೆಲಸ ಮಾಡ್ತಾನೆ. ಬಿಡುವಿನಲ್ಲಿ ಅವನು ಮಾಡೋದಕ್ಕೆ ಡಾರ್ಕ್ ಆಂಬಿಯೆಂಟ್ ಅಂತ ಹೆಸರು. ಅದರಲ್ಲಿ ರಾಗವಿಲ್ಲ, ತಾಳವಿಲ್ಲ, ಹಾಡೋರೂ ಇಲ್ಲ. ಊರಿನ ಸದ್ದುಗಳನ್ನು ಹಿಡಿದು ತಂದು ಕಂಪ್ಯೂಟರಿಗೆ ಹಾಕಿ, ಮುದ್ದೆ ತೊಳಸಿದ ಹಾಗೆ ತೊಳಸಿ, ಎಳೆದೆಳೆದು ಕೊನೆಗೆ ಒಂದು ದೊಡ್ಡ ಗುಂಯ್ ಮಾಡ್ತಾನೆ. ಹೊರದೇಶದಲ್ಲಿ ಕೇಳುವ ಜನ ಇದ್ದಾರಂತೆ.

ಅವನ ಆಸೆ ಮಾತ್ರ ಒಂದೇ. ಅಮ್ಮ ಒಂದು ಸಲ, ಮೊದಲಿಂದ ಕೊನೆಯವರೆಗೂ, ತನ್ನ ಸಂಗೀತ ಕೂತು ಕೇಳಬೇಕು. ಅಕ್ಕ ಗಿಟಾರ್ ಕಾಲದಲ್ಲಿ ಒಮ್ಮೆ ಕೇಳೋಕೆ ಕೂತಿದ್ದಳು. ಸ್ವಲ್ಪ ಹೊತ್ತಿಗೇ "ಒಲೆ ಮೇಲೆ ಹಾಲಿಟ್ಟಿದ್ದೀನಿ" ಅಂತ ಎದ್ದು ಒಳಗೆ ಹೋದಳು. ಆ ಹಾಲು ಇನ್ನೂ ಕಾಯ್ತಾನೇ ಇದೆ.

ಹುಳದ ಮನೆ

ಮೆಟಲ್ ಕಾಲದಲ್ಲಿ ಹುಡುಗರ ಅಭ್ಯಾಸವೆಲ್ಲ ನಮ್ಮ ಹಿತ್ತಲ ಶೆಡ್ಡಿನಲ್ಲಿ. ಅದಕ್ಕೆ ಅಂಟಿಕೊಂಡೇ ಪಕ್ಕದ ಮನೆಯಾಕೆಯ ರೇಷ್ಮೆ ಹುಳದ ಮನೆ. ಒಂದು ದಿನ ಆಕೆ ಸೆರಗು ಬಿಗಿದು ಬಂದರು. ಹುಳಗಳೆಲ್ಲ ತಲೆ ಎತ್ತಿಕೊಂಡು ನಿಂತುಬಿಟ್ಟಿವೆ, ಸೊಪ್ಪು ಮುಟ್ಟುತ್ತಿಲ್ಲ, ಎಲ್ಲ ನಿಮ್ಮ ಗಲಾಟೆಯಿಂದಲೇ ಅಂತ ಬೈದರು. ನಾನು ಕೈ ಮುಗಿದು ಸಮಾಧಾನ ಹೇಳುತ್ತಿದ್ದರೆ, ಡ್ರಮ್ಸ್ ಬಾರಿಸುವವನು ಹಿಂದಿನಿಂದ ಬಲು ಆಸೆಯಿಂದ ಕೇಳಿದ: "ಆಂಟಿ, ತಲೆ ಬರೀ ಎತ್ತಿವೆಯಾ, ಆಡಿಸ್ತಾನೂ ಇವೆಯಾ?"

ಅವತ್ತಿಗೆ ಶೆಡ್ಡಿಗೆ ಬೀಗ ಬಿತ್ತು.

ಹೋದ ವರ್ಷ ನಮ್ಮವನು ಅದೇ ಆಕೆಯ ಮುಂದೆ ವಿನಯವಾಗಿ ನಿಂತ. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ತಿಂದರೆ ಮಳೆ ಬಂದ ಹಾಗೆ ಸದ್ದಾಗುತ್ತೆ, ಅದು ಬೇಕು ಅಂದ. ಹೊರಗಿನವರನ್ನು ಹುಳದ ಮನೆಗೆ ಸುಮ್ಮನೆ ಬಿಡೋ ಪದ್ಧತಿ ಇಲ್ಲ. ಆಕೆ ಅವನಿಗೆ ಸ್ನಾನ ಮಾಡಿಸಿ, ಕಾಲು ತೊಳೆಸಿ, ಸುಣ್ಣದ ಪುಡಿ ತುಳಿಸಿ ಒಳಗೆ ಬಿಟ್ಟರು. ಇವನು ಹುಳದ ತಟ್ಟೆಗಳ ಕೆಳಗೆ ಮೈಕ್ ಹಿಡಿದು ಕಣ್ಣು ಮುಚ್ಚಿ ಕೂತ. ಬಹಳ ಹೊತ್ತಾಯಿತು. ಆಕೆ ಗಾಬರಿಯಾಗಿ ನಮ್ಮ ಮನೆಗೆ ಬಂದರು. ರೇಷ್ಮೆ ಹುಳ ಪೊರೆ ಬಿಡೋ ಮೊದಲು ತಿನ್ನೋದು ಬಿಟ್ಟು ಅಲ್ಲಾಡದೆ ಇರುತ್ತಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ.

"ಮೇಷ್ಟ್ರೇ, ನಿಮ್ಮ ಹುಡುಗ ಮಿಸುಕ್ತಾ ಇಲ್ಲ. ಜ್ವರಕ್ಕೆ ಕೂತವ್ನೆ ಅಂತ ಕಾಣ್ತದೆ. ಎದ್ದ ಮೇಲೆ ಎಳೇ ಸೊಪ್ಪೇ ಹಾಕಿ."

ಮೊದಲ ಅಭಿಮಾನಿ

ಸಂಜೆ ರೈಲಿನಲ್ಲಿ ಇವನ ಎದುರು ದಿನಾ ಕೂರುವ ಒಬ್ಬ ಗುಮಾಸ್ತರು, ಅದೇನು ಸಾರ್ ಯಾವಾಗಲೂ ಕಿವಿಗೆ ಹಾಕ್ಕೊಂಡಿರ್ತೀರಿ, ಭಜನೆಯಾ ಅಂತ ಕೇಳಿದರು. ಇವನು ಸಂಕೋಚಪಡುತ್ತಲೇ ಅವರ ಕಿವಿಗೆ ಸಿಕ್ಕಿಸಿದ. ವೈಟ್‌ಫೀಲ್ಡ್ ದಾಟಿತು, ಅವರು ಕಣ್ಣು ಮುಚ್ಚಿದರು. ಎಷ್ಟು ತಲ್ಲೀನರಾಗಿದ್ದಾರೆ ಅಂತ ಇವನು ಹಿಗ್ಗಿದ. ಇಬ್ಬರೂ ಇಳಿಯಬೇಕಾದ ಮಾಲೂರು ಬಂದರೂ ಎಬ್ಬಿಸೋಕೆ ಮನಸ್ಸಾಗಲಿಲ್ಲ, ತಾನೂ ಇಳಿಯಲಿಲ್ಲ. ಇಬ್ಬರೂ ಬಂಗಾರಪೇಟೆಯಲ್ಲಿ ಇಳಿದು ವಾಪಸ್ ರೈಲಿಗೆ ಕಾದರು.

ಮಾರನೇ ದಿನ ಆತ ಬೈಯಲಿಲ್ಲ. ಮನೆಗೆ ಅತ್ತೆ ಬಂದಿದ್ದಾರೆ, ಅವರಿಗೆ ನಿದ್ದೆಯೇ ಹತ್ತೋದಿಲ್ಲ, ಆ ಹಾಡು ನನ್ನ ಫೋನಿಗೂ ಹಾಕಿಕೊಡಿ ಅಂದರು. ವಾರ ಕಳೆದು ಸಿಕ್ಕಾಗ ಮುಖ ಬಾಡಿತ್ತು.

"ಅತ್ತೆಗೆ ಎಷ್ಟು ಚೆನ್ನಾಗಿ ನಿದ್ದೆ ಬರ್ತಿದೆ ಅಂದ್ರೆ ಸಾರ್, ಇನ್ನು ಊರಿಗೇ ಹೋಗಲ್ವಂತೆ."

ಶಿವಾರಪಟ್ಟಣದ ಮರ್ಯಾದೆ

ಇನ್ನೊಮ್ಮೆ ನಮ್ಮವನು ಕಲ್ಲು ಕೆತ್ತುವ ಸದ್ದು ಬೇಕು ಅಂದ. ನನ್ನ ಸ್ಕೂಟರಿನಲ್ಲೇ ಶಿಲ್ಪಿಗಳ ಊರಾದ ಶಿವಾರಪಟ್ಟಣಕ್ಕೆ ಕರಕೊಂಡು ಹೋದೆ. ಇಡೀ ಬೀದಿ ಚಿಣ್ ಚಿಣ್ ಅಂತಿತ್ತು. ಇವನ ಮುಖ ಅರಳಿತು. ಕೋಲಿನ ಮೇಲೆ ಮೈಕ್ ನಿಲ್ಲಿಸಿ, ಗಾಳಿ ತಾಗದಿರಲಿ ಅಂತ ಅದಕ್ಕೆ ಬೆಕ್ಕಿನ ಮರಿಯಂಥ ಕೂದಲಿನ ಟೋಪಿ ಹಾಕಿದ. ಅದನ್ನು ನೋಡಿದ್ದೇ ಹಿರಿಯ ಶಿಲ್ಪಿಯೊಬ್ಬರು ಕೈ ಎತ್ತಿದರು. ಈ ಶೆಡ್ಡು, ಆ ಶೆಡ್ಡು, ಬೀದಿಯ ಕೊನೆಯವರೆಗೂ ಉಳಿ ನಿಂತವು. ಯಾರೋ ಟಿವಿಯವರು ಬಂದಿದ್ದಾರೆ ಅಂತ ಕೆಲವರು ಅಂಗಿ ಹಾಕಿಕೊಂಡು ಬಂದರು.

ದಯವಿಟ್ಟು ಕೆಲಸ ಮುಂದುವರಿಸಿ ಅಂತ ಇವನು ಬೇಡಿಕೊಂಡ. ಪರವಾಗಿಲ್ಲ ಸಾರ್, ಮೊದಲು ನಿಮ್ಮದು ಮುಗೀಲಿ ಅಂದರು ಹಿರಿಯರು. ನಮಗೆ ಸದ್ದೇ ಬೇಕು ಅಂತ ನಾನೂ ಹೇಳಿ ನೋಡಿದೆ. ಬಂದ ಅತಿಥಿಗೆ ಸಂಕೋಚ ಇರುತ್ತೆ, ನಾವೇ ತಿಳಿದು ನಡೀಬೇಕು ಅನ್ನೋ ಹಾಗೆ ಅವರು ನಕ್ಕರು. ಉಳಿ ಮಾತ್ರ ಎತ್ತಲಿಲ್ಲ.

ಕೊನೆಗೆ ಇವನು ಆ ಮೌನವನ್ನೇ ಹಿಡಿದುಕೊಂಡು ಬಂದ, ಅದನ್ನೇ ಎಳೆದು ಒಂದು ಕೃತಿ ಮಾಡಿ ಇಂಟರ್ನೆಟ್ಟಿಗೆ ಹಾಕಿದ. ಇಷ್ಟು ಘೋರವಾದ ನಿರ್ಜನತೆಯನ್ನು ನಾನು ಬೇರೆಲ್ಲೂ ಕೇಳಿಲ್ಲ ಅಂತ ಯೂರೋಪಿನ ಯಾರೋ ಬರೆದಿದ್ದರಂತೆ. ಆ ನಿರ್ಜನತೆಯಲ್ಲಿ ಒಂದು ಬೀದಿಯಷ್ಟು ಜನ ಉಸಿರು ಬಿಗಿಹಿಡಿದು ನಿಂತಿದ್ದರು, ಒಬ್ಬರು ಸನ್ನೆಯಲ್ಲೇ ನನ್ನನ್ನು ಮಜ್ಜಿಗೆ ಕುಡೀತೀರಾ ಅಂತ ಕೇಳುತ್ತಿದ್ದರು.

ಶ್ರೀನಿವಾಸಪುರದ ಕಚೇರಿ

ಅಕ್ಕ ಮಾಲೂರಿಗೆ ಬಂದು ಕೇಳೋದಿಲ್ಲ, ಅವಳ ಊರಿಗೇ ಸಂಗೀತ ಹೋಗಲಿ ಅಂತ ನಾನೇ ಹೊಂಚು ಹಾಕಿದೆ. ನನ್ನ ಹಳೇ ಸ್ನೇಹಿತರದ್ದು ಅಲ್ಲೊಂದು ಹಾಲ್ ಇದೆ. ಮಾವಿನ ತೋಟದವರು, ನಿವೃತ್ತ ಮೇಷ್ಟ್ರುಗಳು, ಆಂಧ್ರದ ಗಡಿಯ ರಾಯಲ್ಪಾಡಿನ ನೆಂಟರು ಸೇರಿದರು. ಮುಗಿದ ಮೇಲೆ ಬಿಸಿ ಬೋಂಡ ಅಂತ ಮೊದಲೇ ಹೇಳಿದ್ದೆ. ಅಕ್ಕ ಮುಂದಿನ ಸಾಲಿನಲ್ಲಿ, ಎದ್ದು ಹೋಗೋ ಅಂಚಿನ ಕುರ್ಚಿಯಲ್ಲೇ ಕೂತಳು. ನಮ್ಮವನು ಧಾರೆಗೆ ಕೂತ ಮದುಮಗನ ಹಾಗೆ ಬೆವರುತ್ತಿದ್ದ.

ಶುರುವಾಯಿತು. ಮೊದಲು ಗಾಳಿ ಬೀಸಿದ ಹಾಗೆ, ಆಮೇಲೆ ಮೆಲ್ಲಗೆ ಗುಂಯ್.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೋಟದವರೊಬ್ಬರು ನನ್ನ ಕಡೆ ಬಾಗಿ, ಹಿಂದೆ ಸಂಪಿನ ಮೋಟರು ಯಾರೋ ಮರೆತಿದ್ದಾರೆ, ನೀರು ಎತ್ತುತ್ತಿಲ್ಲ, ಬರೀ ತಿರುಗುತ್ತಿದೆ, ಸುಟ್ಟು ಹೋಗುತ್ತೆ ಅಂದರು. ನಮ್ಮ ಕಡೆ ಮೋಟರು ನೀರು ಎತ್ತುತ್ತಿದೆಯೋ ಗಾಳಿ ಹಿಡಿದಿದೆಯೋ ಅಂತ ಮಲಗಿದಲ್ಲೇ ಹೇಳದವರು ಯಾರಿದ್ದಾರೆ? ಹಿಂದಿನ ಸಾಲಿನಲ್ಲಿ ತೆಲುಗಿನಲ್ಲಿ ಅದೇ ಚರ್ಚೆ. ನಾನು ಉತ್ತರ ಹೇಳೋ ಮೊದಲೇ ಅಕ್ಕ ಎದ್ದಳು. ಸೆರಗು ಸಿಕ್ಕಿಸಿಕೊಂಡು ವೇದಿಕೆ ಪಕ್ಕದ ಬೋರ್ಡಿಗೆ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದಳು.

ಹಾಲ್ ಸ್ತಬ್ಧ. ಎಲ್ಲರೂ ನಿಟ್ಟುಸಿರು ಬಿಟ್ಟರು, ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಅಕ್ಕ ಮಗನ ಕಡೆ ತಿರುಗಿ, "ಹ್ಞೂಂ, ಈಗ ಸರಿಹೋಯ್ತು. ಇನ್ನು ಶುರು ಮಾಡು ಕಣೋ" ಅಂದಳು.

ಅವನ ಮುಖ ನನಗೆ ನೋಡೋಕಾಗಲಿಲ್ಲ. ಓಡಿ ಹೋಗಿ, ಅಕ್ಕ, ಅದೇ ಅವನ ಸಂಗೀತ ಅಂತ ಮೆಲ್ಲಗೆ ಹೇಳಿದೆ.

"ಅದು ಮೋಟರ್ ಕಣೋ," ಅಂದ ಅಕ್ಕ, ಕೇಳಿದ ಸದ್ದನ್ನು ಮತ್ತೆ ನೆನೆಸಿಕೊಂಡಳು. "ನಮ್ಮ ಹಿತ್ತಲ ಬಾವೀದು. ನಿಮ್ಮ ಭಾವ ಹಾಕಿಸಿದ್ದು. ಮಧ್ಯ ಮಧ್ಯ ಕೆಮ್ಮಲಿಲ್ವಾ?"

ಅವನು ವೇದಿಕೆ ಇಳಿದು ಬಂದಿದ್ದ. "ಹೌದಮ್ಮ. ಅಪ್ಪ ಇದ್ದಾಗ ಹಿಡಿದಿಟ್ಟಿದ್ದೆ. ಇಷ್ಟು ಎಳೆದಿದೀನಿ, ನಿನಗೆ ಹೆಂಗೆ ಗೊತ್ತಾಯ್ತು?"

"ಅಡುಗೆಮನೇಲಿ ನಿಂತು ಅದನ್ನೇ ಕೇಳಿಕೊಂಡು ಬಾಳಿದೋಳು ನಾನು."

ಅವಳೇ ಸ್ವಿಚ್ ಮೇಲೆತ್ತಿದಳು. ತನ್ನ ಜಾಗಕ್ಕೆ ಮಾತ್ರ ವಾಪಸ್ ಹೋಗಲಿಲ್ಲ. ಓಡೋ ಮೋಟರು ಬಿಟ್ಟು ಹೋಗಬಾರದು ಅಂತ ಬೋರ್ಡಿನ ಪಕ್ಕಕ್ಕೇ ಕುರ್ಚಿ ಎಳೆಸಿಕೊಂಡು, ಒಂದು ಕಿವಿ ಆ ಕಡೆಗೇ ಕೊಟ್ಟು ಕೂತಳು. ಅವಳು ಕೂತಿರುವಾಗ ಉಳಿದವರು ಏಳುವ ಧೈರ್ಯ ಮಾಡಲಿಲ್ಲ. ಬೋಂಡದ ವಾಸನೆ ಬಂದರೂ ಒಬ್ಬರೂ ಅಲುಗಲಿಲ್ಲ. ಗುಂಯ್ ಸಣ್ಣಗಾಗುತ್ತಾ, ಸಣ್ಣಗಾಗುತ್ತಾ, ಎಲ್ಲೋ ಇಂಗಿಹೋಯಿತು.

ಅವನು ಅಮ್ಮನ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, ಮಗನ ಬೋಳುತಲೆ ಸವರಿದಳು.

"ಚೆನ್ನಾಗೇ ಇತ್ತು ಕಣೋ. ಆದ್ರೆ ಇಷ್ಟು ಹೊತ್ತು ಓಡಿಸ್ದೆ, ಒಂದು ಬಿಂದಿಗೆ ನೀರು ಎತ್ತಲಿಲ್ವಲ್ಲೋ."