ಸಾಂಡಾದ ಉಪವಾಸ

ಯಾರು ಏನು ತಿನ್ನುತ್ತಾರೆಂದು ಮುಖ ನೋಡಿಯೇ ಹೇಳುತ್ತೇನೆ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ಕಾಲಕ್ಕೆ ನಾನೂ ಹಾಗೆ ಹೇಳುತ್ತಿದ್ದವನೇ. ಹೇಳಿ ಸುಮ್ಮನಾಗಲಿಲ್ಲ, ಒಂದು ಬಡಪ್ರಾಣಿಯ ಬಾಯಿ ತೆರೆದು ತುರುಕಿದ್ದೇನೆ. ಮುದುಕನಾದ ಮೇಲಾದರೂ ಅದನ್ನು ಒಪ್ಪಿಕೊಳ್ಳಬೇಕು.

ಐವತ್ತರ ದಶಕದ ಮಾತು. ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ ಮುಂಬಯಿಗೆ ಬಂದು ಗುಮಾಸ್ತನಾಗಿದ್ದೆ. ದಾದರಿನ ಚಾಳಿನಲ್ಲಿ ಮೂರನೆಯ ಮಾಳಿಗೆಯ ಮನೆ. ಮೆಟ್ಟಿಲು ಹತ್ತಿ ಹತ್ತಿ ಮೊಣಕಾಲು ಹಿಡಿದಿತ್ತು. ಜೋಧಪುರದಲ್ಲಿ ನೌಕರಿಯಲ್ಲಿದ್ದ ಹೆಂಡತಿಯ ತಮ್ಮ ರಜೆಗೆ ಬರುವಾಗ ತುಪ್ಪದ ಡಬ್ಬಿಯಲ್ಲಿ ಮೊಳದುದ್ದದ ಹಲ್ಲಿಯೊಂದನ್ನು ತಂದ. ಸಾಂಡಾ ಎಂದು ಅದರ ಹೆಸರು. ಮರುಭೂಮಿಯ ಗಟ್ಟಿ ನೆಲದಲ್ಲಿ ಬಿಲ ತೋಡಿ, ಬಿಲದ ಬಾಯಿಗೆ ಮಣ್ಣಿನ ಕದವಿಟ್ಟು ಮಲಗುವ ಪ್ರಾಣಿ. ಬಾಲದ ತುಂಬ ಉಂಗುರ ಉಂಗುರವಾಗಿ ಮುಳ್ಳು.

"ಇದರ ಎಣ್ಣಿ ಹಚ್ಚಿದ್ರ ಓಡ್ತೀರಿ ಭಾವಾ," ಎಂದ. ಎಣ್ಣೆ ಬೇಕಾದರೆ ಕೊಲ್ಲಬೇಕು. ಅವನೂ ಒಲ್ಲೆನೆಂದ, ನಾನೂ ಒಲ್ಲೆನೆಂದೆ. "ಹಂಗಾರ ಹದಿನೈದು ದಿನ ಇಟ್ಕೋರಿ, ತಿರುಗಿ ಹೋಗೂಮುಂದ ಒಯ್ತೀನಿ," ಎಂದು ಊರಿಗೆ ಹೊರಟುಹೋದ.

ಹದಿನೈದು ದಿನ ಅದು ಬದುಕಿರಬೇಕಲ್ಲ. ಹಲ್ಲಿ ಎಂದ ಮೇಲೆ ಹುಳ ತಿನ್ನಲೇಬೇಕು. ಆಫೀಸಿನಿಂದ ಬಂದವನೇ ಚಾಳಿನ ಮೋರಿಯ ಬಳಿ ಜಿರಳೆ ಹಿಡಿಯಲು ಕೂರುತ್ತಿದ್ದೆ. "ಕಾಯ್ ರಾವ್, ಇವತ್ತು ಬೇಟೆ ಹೇಗೆ?" ಎಂದು ಪಕ್ಕದ ಮನೆಯ ಮರಾಠಿ ಮಾಸ್ತರರು ಗ್ಯಾಲರಿಯಿಂದ ಕೇಳುತ್ತಿದ್ದರು. ಸಾಂಡಾ ಮಾತ್ರ ಜಿರಳೆ ಕಂಡರೆ ಕಣ್ಣು ಮುಚ್ಚಿ ಮುಖ ತಿರುಗಿಸುತ್ತಿತ್ತು. ಒಂಬತ್ತನೆಯ ದಿನ ಪಕ್ಕೆಗಳು ಒಳಗೆ ಹೋಗಿದ್ದವು. ಹಟ ಮಾಡುತ್ತದೆಯೆಂದು ಚಮಚದ ಹಿಡಿಕೆಯಿಂದ ಅದರ ಬಾಯಿ ಬಿಡಿಸಿ ತುರುಕಿದೆ. ಅದು ಉಗುಳಿ ನನ್ನನ್ನೇ ನೋಡಿತು. ಆ ನೋಟವನ್ನು ನಾನು ಇನ್ನೂ ಮರೆತಿಲ್ಲ.

"ಮಡಿನೀರು ತುಂಬೋ ಮನ್ಯಾಗ ಇದೇನ್ರೀ ಹೊಲಸು? ಒಲ್ಲೆ ಅಂದ್ರ ಬಿಡ್ರಿ," ಎಂದಳು ಹೆಂಡತಿ.

"ಹಲ್ಲಿ ಹುಳಾ ಬಿಟ್ಟು ಹೋಳಿಗಿ ತಿಂತದೇನು?" ಎಂದು ರೇಗಿದೆ.

ಮರುದಿನ ಬೆಳಿಗ್ಗೆ ಡಬ್ಬಿ ಖಾಲಿ. ಮಂಚದ ಕೆಳಗೆಲ್ಲ ಹುಡುಕಿ ಅಡಿಗೆಮನೆಗೆ ಹೋದರೆ, ಹೆಂಡತಿ ಸೋಸಿಟ್ಟ ಮೆಂತ್ಯದ ಸೊಪ್ಪಿನ ನಡುವೆ ಸಾಂಡಾ ಕುಳಿತು, ಪಂಕ್ತಿಯಲ್ಲಿ ಕೂತ ಆಚಾರ್ಯರ ಹಾಗೆ ನಿಧಾನವಾಗಿ ಮೆಲ್ಲುತ್ತಿತ್ತು. ಹೆಂಡತಿ ಇನ್ನೊಂದು ಕಟ್ಟು ಬಿಚ್ಚಿ ಅದರ ಮುಂದೆ ಸರಿಸಿದಳು.

"ಹತ್ತು ದಿನ ಉಪವಾಸ ಬಿದ್ರೂ ನೇಮ ಬಿಡಲಿಲ್ಲ ನೋಡ್ರಿ. ನಿಮಗ ಆಫೀಸಿನಿಂದ ಮನಿ ಮುಟ್ಟೂತನಾ ತಡಿಯೂದಿಲ್ಲ, ನಡುವ ಇರಾಣಿ ಹೋಟೆಲಿನವನ ಆಮ್ಲೇಟ್ ಬೇಕು."

ಬಾಯಲ್ಲಿ ಏಲಕ್ಕಿ ಹಾಕಿಕೊಂಡರೆ ಯಾರಿಗೂ ತಿಳಿಯದು ಎಂದು ಎರಡು ವರ್ಷ ನಂಬಿದ್ದೆ.

ಮೈದುಂಬಿದ ಸಾಂಡಾ, ದಾರಿಗೆ ಎರಡು ಕಟ್ಟು ಮೆಂತ್ಯದೊಂದಿಗೆ ತನ್ನ ಮರಳುನಾಡಿಗೆ ಮರಳಿತು. ಅಂದಿನಿಂದ ಆಮ್ಲೇಟ್ ಬಿಟ್ಟೆ ಎಂದು ಬರೆದರೆ ಈ ತಪ್ಪೊಪ್ಪಿಗೆಗೆ ಶೋಭೆ. ಆದರೆ ನಾನು ಬಿಟ್ಟದ್ದು ಏಲಕ್ಕಿ ಮಾತ್ರ.