ಮಾವನ ಕಾರಿಗೆ ಅಳಿಯನ ಚಿಕಿತ್ಸೆ

ಹತ್ತೊಂಬತ್ತು ವರ್ಷ ದಹನಕ್ರಿಯೆಯ ಪಾಠ ಮಾಡಿದ ವಿಜ್ಞಾನದ ಮೇಷ್ಟ್ರು ನಾನು. ಮನೆಯ ಕಾರು ಕಪ್ಪು ಹೊಗೆ ಬಿಟ್ಟರೆ ಅದರ ಕಾರಣವನ್ನು ಇನ್ನೊಬ್ಬರನ್ನು ಕೇಳುವುದುಂಟೇ? "ಈ ಕಾಯಿಲೆಯನ್ನು ನಾನೇ ಪತ್ತೆ ಹಚ್ಚುತ್ತೇನೆ, ಇನ್ನೊಬ್ಬರ ಕೈ ಸೋಕಲು ಬಿಡುವುದಿಲ್ಲ" ಎಂದು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ಘೋಷಣೆಯನ್ನು ವಾಪಸು ಪಡೆಯುವ ಹಾಗಿದ್ದರೆ ಇವತ್ತು ಎರಡೂ ಕಿವಿ ಹಿಡಿದುಕೊಂಡು ಪಡೆಯುತ್ತಿದ್ದೆ.

ಕಾರು ನನ್ನದಲ್ಲ, ಮಾವನವರದ್ದು. ಅವರು ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂತು. ಕಾರ್ಬ್ಯುರೇಟರ್ ಕಾಲದ ಹಳೆಯ ಗಾಡಿ. ನನ್ನ ಹೆಂಡತಿ ಡ್ರೈವಿಂಗ್ ಕಲಿತದ್ದು ಅದರಲ್ಲೇ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಸ್ಟೀರಿಂಗಿನ ಮೇಲೆ ಮಾವನವರ ಹೆಬ್ಬೆರಳು ತಿಕ್ಕಿ ತಿಕ್ಕಿ ಸವೆದ ಜಾಗವೊಂದಿತ್ತು. ಭಾನುವಾರ ಅವಳು ಓಡಿಸುವಾಗ ತನ್ನ ಹೆಬ್ಬೆರಳನ್ನು ಸರಿಯಾಗಿ ಅಲ್ಲೇ ಇಡುತ್ತಿದ್ದಳು. ಉಳಿದ ದಿನ ಕಾರು ನನ್ನ ಜೊತೆ ಶಾಲೆಗೆ ಬರುತ್ತಿತ್ತು.

ನನಗೆ ಮೊದಲ ದಿನವೇ ಹಿಡಿಸಿದ್ದು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಕೆಳಮುಖವಾಗಿ ಚಾಚಿಕೊಂಡಿದ್ದ ಒಂದು ಪುಟ್ಟ ಹಿಡಿ. ಅದರ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಚೀಲದ ಪಟ್ಟಿ ಸಿಕ್ಕಿಸಲು ಹೇಳಿ ಮಾಡಿಸಿದ ಹಾಗಿತ್ತು! ಮಾವನವರ ಮುಂದಾಲೋಚನೆಯನ್ನು ಮನಸಾರೆ ಹೊಗಳಿ, ಉತ್ತರಪತ್ರಿಕೆಗಳ ಚೀಲವನ್ನು ದಿನಾ ಅದಕ್ಕೇ ತೂಗುಹಾಕತೊಡಗಿದೆ.

ವಾರ ಕಳೆಯುವುದರಲ್ಲಿ ಕಾರಿನ ಚಾಳಿ ಬದಲಾಯಿತು. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು, ಅದರಲ್ಲಿ ದೋಷ ಹೇಳುವ ಹಾಗಿಲ್ಲ. ಎಂಜಿನ್ ಬಿಸಿಯಾಗುತ್ತಿದ್ದಂತೆ ಕೆಮ್ಮು ಶುರು. ಶಾಲೆಯ ಮುಂದಿನ ಏರು ಹತ್ತುವಾಗ ಎಂಟನೇ ತರಗತಿಯ ಹುಡುಗಿಯರು ಸೈಕಲ್ ತುಳಿಯುತ್ತಾ ಬಂದು, ನನಗೆ ನಮಸ್ಕಾರ ಹೇಳಿ, ನನ್ನನ್ನು ದಾಟಿ ಹೋಗುತ್ತಿದ್ದರು. ಹಿಂದೆ ಬರುವವರಿಗೆ ನನ್ನ ಹೊಗೆಯ ಪ್ರಸಾದ. ಪೆಟ್ರೋಲ್ ಟ್ಯಾಂಕಿಗೆ ತಳವೇ ಇಲ್ಲವೇನೋ ಅನ್ನಿಸುತ್ತಿತ್ತು.

ದಪ್ಪನೆಯ ರಿಪೇರಿ ಪುಸ್ತಕ ತಂದೆ. ಮೊದಲ ಪುಟದಲ್ಲಿ ತೀರಾ ಸಾಮಾನ್ಯ ಸಂಗತಿಗಳಿದ್ದವು. ಅವು ನನ್ನಂಥವರಿಗಲ್ಲ ಎಂದು ಸೀದಾ ನಲವತ್ತನೇ ಪುಟಕ್ಕೆ ಹಾರಿದೆ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ಮಕ್ಕಳಿಗೆ ವರ್ಷಕ್ಕೆ ನೂರು ಸಲ ಹೇಳುವವನೂ ನಾನೇ. ಪ್ಲಗ್ಗುಗಳನ್ನು ಬಿಚ್ಚಿದರೆ ಮಸಿಯೋ ಮಸಿ. ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ! ರೋಗ ಸಿಕ್ಕಿತು, ಕಾರಣ ಸಿಗುವುದೊಂದೇ ಬಾಕಿ. ಏರ್ ಫಿಲ್ಟರ್ ಬದಲಿಸಿದೆ. ಪ್ಲಗ್ಗು ಬದಲಿಸಿದೆ. ಕಾರ್ಬ್ಯುರೇಟರ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಮಾತ್ರ ಉಳಿಯಿತು. ಸ್ಕ್ರೂ, ಹಳೆಯ ಪ್ಲಗ್ಗು, ಸ್ಪ್ಯಾನರ್, ದಪ್ಪ ಪುಸ್ತಕ, ಎಲ್ಲವೂ ನನ್ನ ಚೀಲ ಸೇರಿದವು. ವಿಚಿತ್ರವೆಂದರೆ ನಾನು ಔಷಧಿ ಹೆಚ್ಚಿಸಿದಷ್ಟೂ ರೋಗವೂ ಹೆಚ್ಚಿತು.

"ಭಾನುವಾರ ನಾನು ಓಡಿಸಿದಾಗ ಚೆನ್ನಾಗೇ ಓಡ್ತಲ್ಲ" ಎಂದಳು ಹೆಂಡತಿ.

"ಭಾನುವಾರ ರಸ್ತೆ ಖಾಲಿ ಇರುತ್ತೆ."

"ರಸ್ತೆ ಖಾಲಿ ಇದ್ರೆ ಹೊಗೆ ಬರಲ್ವಾ?"

ಉತ್ತರವಾಗಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಂಜಿನ್ನಿನ ಚಿತ್ರ ಬರೆದು, ಅರ್ಧ ಗಂಟೆ ವಿವರಿಸಿದೆ. ಅವಳು ಕೇಳಿಸಿಕೊಂಡಳು. ಅವಳನ್ನು ಏನಾದರೂ ಕೇಳಬೇಕು ಎಂದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಅವಳ ಒತ್ತಾಯಕ್ಕೆ, ಮಾವನವರ ಕಾಲದಿಂದ ಕಾರು ನೋಡಿಕೊಂಡಿದ್ದ ಮೆಕ್ಯಾನಿಕ್ ಹತ್ತಿರ ಹೋದೆ. ನಲವತ್ತನೇ ಪುಟವನ್ನು ಅವರಿಗೆ ಓದಿ ಹೇಳಬೇಕೆಂದು ಚೀಲ ಹೆಗಲಿಗೇರಿಸಿಕೊಂಡೇ ಇಳಿದೆ. ಅವರು ನನ್ನ ಉಪನ್ಯಾಸಕ್ಕೆ ಕಾಯದೆ ಕಾರು ಹತ್ತಿ, ಎರಡು ಬೀದಿ ಸುತ್ತಿ ಬಂದರು. ಹೊಗೆಯಿಲ್ಲ, ಕೆಮ್ಮಿಲ್ಲ.

"ಏನೂ ಆಗಿಲ್ಲ ಸಾರ್. ಈಗ ನೀವು ಓಡಿಸಿ, ನಾನು ಪಕ್ಕದಲ್ಲಿ ಕೂರ್ತೀನಿ."

"ಏನು, ನನಗೆ ಪರೀಕ್ಷೆನಾ?"

"ಗಾಡಿಗೆ ಸಾರ್."

ನನಗೆ ಮೂಗಿನ ತುದಿಯಲ್ಲೇ ಕೋಪ. ಚೀಲವನ್ನು ಅದರ ಜಾಗಕ್ಕೆ ತೂಗುಹಾಕಿ, ಅವರ ಮುಖಕ್ಕೇ ಹೊಗೆ ಬಿಟ್ಟು ಹೊರಟೆ. ಅವರು ಎರಡೂ ಕೈ ಬೀಸುತ್ತಾ ನಾಲ್ಕು ಹೆಜ್ಜೆ ಓಡಿ ಬಂದದ್ದು ಕನ್ನಡಿಯಲ್ಲಿ ಕಂಡಿತು. ಕ್ಷಮೆ ಕೇಳುತ್ತಿದ್ದಾರೆ ಅಂದುಕೊಂಡೆ. ಆಗ ಬ್ರೇಕ್ ಒತ್ತಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಆ ಸಂಜೆ ತೀರ್ಪು ಕೊಟ್ಟೆ: ಎಂಜಿನ್ ಸವೆದುಹೋಗಿದೆ, ಮಾರಿಬಿಡುವುದೇ ಲೇಸು.

"ಅಪ್ಪ ಇದನ್ನ ಹೊಗೆ ಬರೋ ಹಾಗೆ ಒಂದು ದಿನಾನೂ ಇಟ್ಕೊಂಡಿರ್ಲಿಲ್ಲ. ನಿಮಗೆ ಖಂಡಿತಾನಾ?"

"ನೂರಕ್ಕೆ ನೂರು" ಎಂದೆ. ನನ್ನ ಜೀವಮಾನದಲ್ಲಿ ನಾನು ಯಾರಿಗೂ ಅಷ್ಟು ಧಾರಾಳವಾಗಿ ಅಂಕ ಕೊಟ್ಟವನಲ್ಲ.

ಊರಿನ ಡ್ರೈವಿಂಗ್ ಸ್ಕೂಲಿನ ಒಡತಿ ಕೊಳ್ಳಲು ಒಪ್ಪಿಕೊಂಡರು. ಕಲಿಯುವವರಿಗೆ ವೇಗ ಯಾಕೆ ಎಂದು ನಾನೇ ಅವರಿಗೆ ಸಮಾಧಾನ ಹೇಳಿದ್ದೆ. ಬಿಟ್ಟು ಬರಲು ಹೆಂಡತಿಯೂ ಬಂದಳು, ಸ್ಕೂಟರಿನಲ್ಲಿ, ನನ್ನ ಹೊಗೆಯ ಹಿಂದೆ. ಆರಿಸಿದರೆ ಮತ್ತೆ ಹತ್ತದೆ ಮಾನ ಹೋದೀತೆಂದು ಎಂಜಿನ್ ಚಾಲೂ ಇಟ್ಟೇ ಒಳಗೆ ಹೋಗಿ ಸಹಿ ಹಾಕಿದೆ. ಹೊರಗೆ ಬಂದು ಕೊನೆಯದಾಗಿ ಚೀಲ ತೆಗೆದುಕೊಂಡೆ.

ಟಕ್!

ಆ ಪುಟ್ಟ ಹಿಡಿ ತಾನಾಗಿ ಮೇಲಕ್ಕೆ ಸರಿದು ಒಳಗೆ ಕೂತಿತು. ಮೂರು ತಿಂಗಳ ಕೆಮ್ಮು ಅರೆಕ್ಷಣದಲ್ಲಿ ನಿಂತುಹೋಯಿತು. ಹೊಗೆ ತೆಳುವಾಗಿ, ಬಿಳಿಯಾಗಿ, ಇಲ್ಲವೇ ಆಯಿತು. ಹೆಂಡತಿ ಹಿಡಿಯನ್ನು ನೋಡಿದಳು, ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿದಳು.

"ಅದು ಚೋಕ್ ರೀ. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಜಾಸ್ತಿ ಬರಲಿ ಅಂತ ಒಂದೆರಡು ನಿಮಿಷ ಎಳೆಯೋದು. ಅಪ್ಪ ಮೊದಲನೇ ದಿನಾನೇ ಹೇಳಿಕೊಟ್ಟಿದ್ರು." ಆಮೇಲೆ ಮೆಲ್ಲಗೆ, "ನನ್ನ ಒಂದು ಮಾತು ಕೇಳಬಾರದಿತ್ತಾ?"

ನಾನು ಒಡತಿಯ ಹತ್ತಿರ ಓಡಿ, ಕಾಗದ ಹರಿದುಹಾಕಲು ಸಾಧ್ಯವೇ ಎಂದು ಕೇಳಿದೆ, ಬೇಡಿಕೊಂಡೆ. ಅವರು ಆಗಲೇ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿ ನೋಡಿದ್ದರು. ಇಂಥ ಎಂಜಿನ್ ಇರುವ ಗಾಡಿಯನ್ನು ಯಾರಾದರೂ ವಾಪಸು ಕೊಡುತ್ತಾರೆಯೇ ಎಂದು ನಕ್ಕರು. ಹೆಂಡತಿ ಕಿಟಕಿಯಿಂದ ಕೈ ಚಾಚಿ, ಸ್ಟೀರಿಂಗಿನ ಸವೆದ ಜಾಗವನ್ನು ಒಮ್ಮೆ ಮುಟ್ಟಿ ಬಂದಳು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

ಈಗ ನಾನು ಬಸ್ಸಿಗೆ ಕಾಯುತ್ತೇನೆ. ಮಾವನವರ ಕಾರು ದಿನಾ ಅದೇ ಏರನ್ನು ಹೊಸಬರ ಕೈಯಲ್ಲಿ ಸರಾಗವಾಗಿ ಹತ್ತಿ ಹೋಗುತ್ತದೆ. ಪುಸ್ತಕದ ಮೊದಲ ಪುಟವನ್ನೂ ಓದಿದೆ. ಮೊದಲ ಸಾಲು: "ಚೋಕ್ ಪೂರ್ತಿ ಒಳಗಿದೆಯೇ ನೋಡಿ." ತಪ್ಪಾಯಿತು ಎಂದು ಹೆಂಡತಿಗೆ ಹೇಳಿದ್ದಕ್ಕೆ ಲೆಕ್ಕವಿಲ್ಲ. ಅವಳು ಒಂದು ಸಲವೂ ಬೈದಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ನೆಮ್ಮದಿಯಾದರೂ ಸಿಗುತ್ತಿತ್ತು.

ಮೊನ್ನೆ ಶಾಲೆಯಿಂದ ಬಂದಾಗ ಬಾಗಿಲ ಪಕ್ಕ ಹೊಸದೊಂದು ಮೊಳೆ. ಅವಳ ಕೈಯಲ್ಲಿ ಇನ್ನೂ ಸುತ್ತಿಗೆ ಇತ್ತು.

"ಚೀಲ ಇದಕ್ಕೆ ತೂಗುಹಾಕಿ" ಎಂದಳು. "ಹಿಂದೆ ಬರೀ ಗೋಡೆ ಇದೆ. ನಾನು ನೋಡಿದ್ದೀನಿ."